ಅನುಭವವಿಲ್ಲದ ಪದವೀಧರನ ಸ್ವವಿವರ ಪತ್ರ: ಒಂದು ವಿವೇಚನೆ

ಚಿತ್ತಾಪುರದ ಬಳಿಯ ನಾಗಾವಿಯು ಹನ್ನೊಂದನೆಯ ಶತಮಾನದಲ್ಲಿ ಘಟಿಕಾಸ್ಥಾನವಾಗಿ, ಅಂದರೆ ಉನ್ನತ ವಿದ್ಯಾಕೇಂದ್ರವಾಗಿ, ಪ್ರಸಿದ್ಧಿ ಪಡೆದಿದ್ದಿತು. ಕಲ್ಯಾಣ ಚಾಲುಕ್ಯರ ಕಾಲದ, 1058ನೆಯ ಇಸವಿಯ ಅಲ್ಲಿಯ ಶಾಸನವು ವೇದ ಶಾಸ್ತ್ರಗಳನ್ನು ಬೋಧಿಸುವ ಉಪಾಧ್ಯಾಯರನ್ನೂ ಅವುಗಳನ್ನು ಅಭ್ಯಸಿಸುವ ವಿದ್ಯಾರ್ಥಿಗಳನ್ನೂ ಎಣಿಸಿ ಹೇಳುವುದಲ್ಲದೆ, ಗ್ರಂಥಭಂಡಾರವನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಉಲ್ಲೇಖಿಸುತ್ತದೆ. ಈ ಬರಹದಲ್ಲಿ ಗಮನಿಸತಕ್ಕ ಗುಣವೊಂದುಂಟು. ‘ಬಹು ಮಂದಿ ವಿದ್ವಾಂಸರಿದ್ದರು’ ಎಂದು ಅದು ತೇಲಿಸಿ ಹೇಳುವುದಿಲ್ಲ. ಇಂಥ ಕೆಲಸಕ್ಕೆ ಇಷ್ಟು ಜನ ಎಂದು ನಿಖರವಾಗಿ ಹೇಳುತ್ತದೆ. ಆದುದರಿಂದಲೇ ಒಂಬತ್ತೂವರೆ ಶತಮಾನಗಳು ಕಳೆದ ಮೇಲೂ ಓದುವವನು ಅದನ್ನು ನಂಬುತ್ತಾನೆ.

ಇಂದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸುತ್ತಣ ಹಳ್ಳಿಗಳಿಂದ ಬಂದು ಪದವಿ ಮುಗಿಸುವ ತರುಣ ತರುಣಿಯರೂ ತಮ್ಮನ್ನು ಕುರಿತು ಇಂಥದೇ ಒಂದು ಚಿಕ್ಕ ಬರಹವನ್ನು ಸಿದ್ಧಪಡಿಸಬೇಕಾಗಿದೆ. ಅದೇ ಸ್ವವಿವರ ಪತ್ರ. ಜನರ ಬಾಯಲ್ಲಿ ಅದು ಬಯೋಡಾಟಾ ಅಥವಾ ರೆಸ್ಯೂಮೆ. ನೂರು ಪುಟಗಳ ಉತ್ತರಪತ್ರಿಕೆಯನ್ನು ನಿರ್ಭಯವಾಗಿ ಬರೆದು ಬಂದವರೂ ಈ ಒಂದು ಪುಟದ ಮುಂದೆ ಲೇಖನಿ ಹಿಡಿದು ಸುಮ್ಮನೆ ಕುಳಿತುಬಿಡುವುದುಂಟು. ಅದರ ಕಾರಣವನ್ನೂ ಪರಿಹಾರವನ್ನೂ ವಿಚಾರಿಸುವುದೇ ಪ್ರಕೃತ ಲೇಖನದ ಉದ್ದೇಶ.

ಸ್ವವಿವರ ಪತ್ರದ ಸ್ವರೂಪ

ಸ್ವವಿವರ ಪತ್ರವು ಆತ್ಮಚರಿತ್ರೆಯಲ್ಲ. ಪ್ರಶಸ್ತಿ ಕಾವ್ಯವೂ ಅಲ್ಲ. ಕೆಲಸ ಕೊಡುವವನ ಮನಸ್ಸಿನಲ್ಲಿ ಮೂರು ಪ್ರಶ್ನೆಗಳಿರುತ್ತವೆ: ಈತನು ಯಾರು? ಏನು ಬಲ್ಲನು? ಬಲ್ಲನೆಂಬುದಕ್ಕೆ ಆಧಾರವೇನು? ಈ ಮೂರಕ್ಕೂ ಸಂಕ್ಷಿಪ್ತವಾಗಿ, ಸತ್ಯವಾಗಿ ಉತ್ತರ ಕೊಡುವ ಬರಹವೇ ಸ್ವವಿವರ ಪತ್ರ. ಮೇಜಿನ ಮೇಲೆ ಅರ್ಜಿಗಳ ರಾಶಿ ಬಿದ್ದಿರುವಾಗ ಯಾವ ಅಧಿಕಾರಿಯೂ ಒಂದೊಂದನ್ನೂ ಕಾವ್ಯವನ್ನು ಆಸ್ವಾದಿಸುವಂತೆ ಓದುವುದಿಲ್ಲ. ಕಣ್ಣು ಹಾಯಿಸಿದ ಕೂಡಲೆ ಬೇಕಾದುದು ಸಿಕ್ಕಿದರೆ ಪತ್ರವನ್ನು ಒಂದು ಬದಿಗೆ ಎತ್ತಿಡುತ್ತಾನೆ. ಇಲ್ಲವಾದರೆ ಮುಂದಿನದಕ್ಕೆ ಹೋಗುತ್ತಾನೆ. ಆದುದರಿಂದ ಹೊಸ ಪದವೀಧರನಿಗೆ ಒಂದು ಪುಟವೇ ಸಾಕು.

ಇದರ ಮಿತಿಯನ್ನೂ ಮೊದಲೇ ಅರಿತಿರಬೇಕು. ಸ್ವವಿವರ ಪತ್ರವು ಕೆಲಸವನ್ನು ಕೊಡಿಸುವುದಿಲ್ಲ. ಸಂದರ್ಶನದ ಬಾಗಿಲನ್ನು ಮಾತ್ರ ತೆರೆಯಿಸುತ್ತದೆ. ಕೆಲಸಗಳು ಕೆಲವು, ಕೇಳುವವರು ಹಲವರು ಎಂಬ ಪರಿಸ್ಥಿತಿಯನ್ನು ಯಾವ ಸುಂದರ ಬರಹವೂ ಬದಲಿಸಲಾರದು. ಆದರೆ ಯೋಗ್ಯನಾದವನು ಬಾಗಿಲ ಹೊರಗೇ ಉಳಿದುಹೋಗದಂತೆ ಅದು ತಡೆಯಬಲ್ಲದು. ಮನೆತನದಲ್ಲಿ ಮೊದಲ ಬಾರಿಗೆ ಪದವಿ ಪಡೆದವನಿಗೆ, ಪಟ್ಟಣದಲ್ಲಿ ಪರಿಚಿತರಾರೂ ಇಲ್ಲದವನಿಗೆ, ತನ್ನ ಪರವಾಗಿ ಮಾತನಾಡುವ ಸಾಧನವು ಅದೊಂದೇ.

ಪೂರ್ವಪಕ್ಷ: ‘ಅನುಭವವೇ ಇಲ್ಲವಲ್ಲ!’

ಇಲ್ಲಿ ಒಂದು ಶಂಕೆ ಸಹಜವಾಗಿ ಉದ್ಭವಿಸುತ್ತದೆ. ಅನುಭವವುಳ್ಳವರಿಗೆ ಮಾತ್ರ ಕೆಲಸ. ಕೆಲಸ ದೊರೆತವರಿಗೆ ಮಾತ್ರ ಅನುಭವ. ಬೀಜವು ಮೊದಲೋ ವೃಕ್ಷವು ಮೊದಲೋ ಎಂಬ ತರ್ಕದಂತೆ ಇದಕ್ಕೆ ಕೊನೆಯಿಲ್ಲ. ಇನ್ನು ಮೂರು ವರ್ಷ ಕಾಲೇಜಿನ ಬೆಂಚಿನ ಮೇಲೆ ಕುಳಿತು ಬಂದವನು ‘ಅನುಭವ’ ಎಂಬ ಶಿರೋನಾಮೆಯ ಕೆಳಗೆ ‘ಇಲ್ಲ’ ಎಂದಲ್ಲದೆ ಮತ್ತೇನನ್ನು ಬರೆಯಬೇಕು?

ಈ ಶಂಕೆಯು ಒಂದು ತಪ್ಪು ತಿಳುವಳಿಕೆಯ ಮೇಲೆ ನಿಂತಿದೆ. ಅನುಭವವೆಂದರೆ ಸಂಬಳದ ನೌಕರಿ ಎಂದೇ ವಿದ್ಯಾರ್ಥಿಯು ಅರ್ಥಮಾಡಿಕೊಂಡಿದ್ದಾನೆ. ಒಂದು ಹೊಣೆಯನ್ನು ಹೊತ್ತು, ಅದನ್ನು ಕೊನೆಮುಟ್ಟಿಸಿ, ಅದರಿಂದ ಕಲಿತುದೆಲ್ಲವೂ ಅನುಭವವೇ. ಸಂಬಳ ದೊರೆಯಿತೇ ಇಲ್ಲವೇ ಎಂಬುದು ಬೇರೆ ಪ್ರಶ್ನೆ. ಹೀಗೆ ನೋಡಿದಾಗ ಈ ಭಾಗದ ಪದವೀಧರರಲ್ಲಿ ಅನುಭವಶೂನ್ಯರಾದವರು ಬಹಳ ವಿರಳ. ಅವರಿಗೆ ಕೊರತೆಯಾಗಿರುವುದು ಕೆಲಸವಲ್ಲ. ಮಾಡಿದ ಕೆಲಸಕ್ಕೆ ಹೆಸರು.

ಸಿದ್ಧಾಂತ: ಮಾಡಿದ್ದನ್ನು ಹೆಸರಿಸುವುದು

ಉದಾಹರಣೆಗಾಗಿ ಚಿಂಚೋಳಿ ತಾಲೂಕಿನ ಹಳ್ಳಿಯೊಂದರ ಬಿ.ಕಾಂ. ಪದವೀಧರೆಯೊಬ್ಬಳನ್ನು ಕಲ್ಪಿಸಿಕೊಳ್ಳಬಹುದು. ತಾಯಿ ಊರಿನ ಸ್ತ್ರೀಶಕ್ತಿ ಸಂಘದ ಸದಸ್ಯೆ. ಸಂಘದಲ್ಲಿ ಬರೆಯಬಲ್ಲವರು ಇಲ್ಲದ ಕಾರಣ ವಾರದ ಉಳಿತಾಯವನ್ನು ವಹಿಯಲ್ಲಿ ಬರೆಯುವವಳು ಈ ಹುಡುಗಿ. ಯಾರ ಸಾಲ ಎಷ್ಟು, ಬಡ್ಡಿ ಎಷ್ಟು, ಬಂದ ಕಂತು ಎಷ್ಟು ಎಂದು ಲೆಕ್ಕ ಹಾಕುವವಳು ಇವಳು. ಪಾಸ್‌ಬುಕ್ ಹಿಡಿದು ಬ್ಯಾಂಕಿಗೆ ಹೋಗಿ ಬರುವವಳೂ ಇವಳೇ. ಮೂರು ವರ್ಷ ಒಂದು ಪೈಸೆಯ ವ್ಯತ್ಯಾಸ ಬಾರದಂತೆ ನೋಡಿಕೊಂಡಿದ್ದಾಳೆ. ಆದರೆ ಲೆಕ್ಕ ಗುಮಾಸ್ತೆಯ ಕೆಲಸಕ್ಕೆ ಅರ್ಜಿ ಬರೆಯುವಾಗ ‘ಅನುಭವ: ಇಲ್ಲ’ ಎಂದು ಬರೆಯುತ್ತಾಳೆ. ಕೇಳಿದರೆ, ‘ಅದು ಅವ್ವನ ಸಂಘದ್ದು, ಅದನ್ನೇನು ಬರೆಯೋದು?’ ಎನ್ನುತ್ತಾಳೆ.

ಇನ್ನೊಬ್ಬನು ಶಹಾಬಾದದ ಕಡೆಯವನು. ತಂದೆ ಕಲ್ಲುಗಣಿಯ ಕೂಲಿ. ರಜೆಯ ದಿನಗಳಲ್ಲಿ ಮಗನೂ ಗಣಿಗೆ ಹೋಗಿ, ಲಾರಿಗೆ ಹೇರುವ ಹಾಸುಗಲ್ಲುಗಳನ್ನು ಅಳೆದು ಚದರ ಅಡಿಯ ಲೆಕ್ಕ ಬರೆದುಕೊಟ್ಟಿದ್ದಾನೆ. ವಾಡಿಯಲ್ಲಿ 1968ರಿಂದ ಸಿಮೆಂಟು ಕಾರ್ಖಾನೆಯಿದೆ. ಸೇಡಂ, ಮಳಖೇಡಗಳಲ್ಲಿಯೂ 1980ರ ದಶಕದಲ್ಲಿ ದೊಡ್ಡ ಕಾರ್ಖಾನೆಗಳು ಎದ್ದವು. ಇಂಥ ಕಾರ್ಖಾನೆಗಳ ಉಗ್ರಾಣದಲ್ಲಿ, ಸರಕು ರವಾನೆಯ ವಿಭಾಗದಲ್ಲಿ ನಡೆಯುವ ಕೆಲಸವೇನು? ಬಂದುದೆಷ್ಟು, ಹೇರಿದುದೆಷ್ಟು, ಹೋದುದೆಷ್ಟು ಎಂಬ ಲೆಕ್ಕವೇ. ಆದರೂ ಈ ಹುಡುಗನು ಗಣಿಯ ಮಾತನ್ನು ಮುಚ್ಚಿಡುತ್ತಾನೆ. ತಂದೆಯು ಕೂಲಿಯೆಂದು ತಿಳಿದೀತೆಂಬ ಸಂಕೋಚ. ಕಾಯಕದಲ್ಲಿ ಮೇಲು ಕೀಳಿಲ್ಲವೆಂದು ಹನ್ನೆರಡನೆಯ ಶತಮಾನದ ಶರಣರು ಸಾರಿದ ಕಲ್ಯಾಣವು ಇಲ್ಲಿಂದ ಬಹಳ ದೂರವೇನೂ ಇಲ್ಲ. ಆ ನೆಲದ ನೆರೆಯಲ್ಲಿಯೇ ದುಡಿಮೆಯನ್ನು ದೋಷದಂತೆ ಬಚ್ಚಿಡುವ ಸ್ಥಿತಿ ಬಂದಿರುವುದು ವಿಚಾರ ಮಾಡಬೇಕಾದ ಸಂಗತಿ. ಆತನು ಬಚ್ಚಿಡುತ್ತಿರುವುದು ತನ್ನ ಬಡತನವನ್ನಲ್ಲ, ತನ್ನ ಯೋಗ್ಯತೆಯನ್ನು.

ಈ ಇಬ್ಬರ ಬರಹವೂ ಹೇಗೆ ತಿದ್ದುಪಾಟಾಗಬೇಕೆಂಬುದನ್ನು ನೋಡಬಹುದು. ‘ಅನುಭವ: ಇಲ್ಲ’ ಎಂದಿದ್ದಲ್ಲಿ ಆಕೆಯು ಹೀಗೆ ಬರೆಯಲಿ: ‘ಊರಿನ ಸ್ತ್ರೀಶಕ್ತಿ ಸಂಘದ 16 ಸದಸ್ಯೆಯರ ಉಳಿತಾಯ, ಸಾಲ, ಬಡ್ಡಿಗಳ ಲೆಕ್ಕವನ್ನು 3 ವರ್ಷ ಬರೆದಿದ್ದೇನೆ, ಪ್ರತಿ ತಿಂಗಳು ಬ್ಯಾಂಕಿನ ಪಾಸ್‌ಬುಕ್ಕಿನೊಡನೆ ತಾಳೆ ನೋಡಿದ್ದೇನೆ. (ಸೇವಾರೂಪ, ಸಂಬಳವಿಲ್ಲ.)’ ಆತನು ಹೀಗೆ ಬರೆಯಲಿ: ‘2 ಬೇಸಿಗೆ ರಜೆಗಳಲ್ಲಿ ಶಹಾಬಾದದ ಕಲ್ಲುಗಣಿಯಲ್ಲಿ ಲಾರಿಗೆ ಹೇರಿದ ಹಾಸುಗಲ್ಲಿನ ಅಳತೆ ಮತ್ತು ದಿನದ ಲೆಕ್ಕ ಬರೆದಿದ್ದೇನೆ.’ ಇವುಗಳಲ್ಲಿ ಒಂದು ವಿಶೇಷಣವೂ ಇಲ್ಲ. ಕೆಲಸ, ಕಾಲ, ಪ್ರಮಾಣ, ಈ ಮೂರೇ ಇವೆ. ನಾಗಾವಿಯ ಶಾಸನದ ರೀತಿಯೂ ಇದೇ.

ಹೀಗೆಯೇ ಸೇಡಂ ಮಾರುಕಟ್ಟೆಯ ಅಡತಿ ಅಂಗಡಿಯಲ್ಲಿ ತೊಗರಿಯ ಸುಗ್ಗಿಯ ಕಾಲಕ್ಕೆ ಚೀಲದ ಲೆಕ್ಕ ಬರೆದವನು, ಓಣಿಯ ಮಕ್ಕಳಿಗೆ ಸಂಜೆ ಪಾಠ ಹೇಳಿದವಳು, ಊರಿನವರ ಅರ್ಜಿ ನಮೂನೆಗಳನ್ನು ತುಂಬಿಕೊಟ್ಟವನು, ಕಾಲೇಜಿನ ವಾರ್ಷಿಕೋತ್ಸವದ ಖರ್ಚು ವೆಚ್ಚ ನೋಡಿಕೊಂಡವಳು, ಇವರೆಲ್ಲರಿಗೂ ಬರೆಯತಕ್ಕದ್ದು ಇದೆ. 1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯಲ್ಲಿ ಎರಡು ವರ್ಷ ಇದ್ದವರು, ಎನ್.ಸಿ.ಸಿ.ಯ ‘ಬಿ’ ಅಥವಾ ‘ಸಿ’ ಪ್ರಮಾಣಪತ್ರ ಪಡೆದವರು ಅವನ್ನು ತಪ್ಪದೆ ನಮೂದಿಸಬೇಕು. ಶಿಬಿರ ಯಾವ ಊರಿನಲ್ಲಿ, ಎಷ್ಟು ದಿನ, ಅಲ್ಲಿ ತಾನು ಹೊತ್ತ ಹೊಣೆ ಯಾವುದು ಎಂದು ಬರೆದರೆ ಆ ಒಂದು ಸಾಲಿಗೆ ಜೀವ ಬರುತ್ತದೆ.

ಭಾಷೆಯೂ ಒಂದು ಬಂಡವಾಳ

ಈ ಭಾಗದವರು ಗಮನಿಸದೆ ಬಿಡುವ ಸಂಪತ್ತು ಇನ್ನೊಂದಿದೆ. ಸೇಡಂ, ಚಿಂಚೋಳಿ ತಾಲೂಕುಗಳು ತೆಲಂಗಾಣದ ಗಡಿಗೆ ಅಂಟಿಕೊಂಡಿವೆ. ಸಿಕಂದರಾಬಾದಿನಿಂದ ವಾಡಿಗೆ ರೈಲುದಾರಿ ಬಂದುದು 1874ರಲ್ಲಿ. ಅಂದಿನಿಂದ ಜನರ ಓಡಾಟವೂ ಮಾತಿನ ಬೆರಕೆಯೂ ಹೆಚ್ಚಿದವು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಓಣಿಯಲ್ಲಿ ಉರ್ದು, ಶಾಲೆಯಲ್ಲಿ ಹಿಂದಿ ಮತ್ತು ಇಂಗ್ಲಿಷು, ಹೀಗೆ ನಾಲ್ಕೈದು ಭಾಷೆಗಳನ್ನು ಆಡುವವರು ಇಲ್ಲಿ ವಿರಳರಲ್ಲ. ಬ್ಯಾಂಕು, ಆಸ್ಪತ್ರೆ, ವ್ಯಾಪಾರ, ರೈಲ್ವೆ ಮೊದಲಾದೆಡೆ ಇದು ದೊಡ್ಡ ಯೋಗ್ಯತೆ. ಆದರೆ ‘ಐದು ಭಾಷೆ ಬರುತ್ತದೆ’ ಎಂದರೆ ಸಾಲದು. ಓದಲು, ಬರೆಯಲು, ಮಾತನಾಡಲು ಬರುವ ಭಾಷೆ ಯಾವುದು, ಮಾತನಾಡಲು ಮಾತ್ರ ಬರುವುದು ಯಾವುದು ಎಂದು ಬೇರ್ಪಡಿಸಿ ಬರೆಯಬೇಕು. ಗಣಕಯಂತ್ರದ ಜ್ಞಾನಕ್ಕೂ ಇದೇ ನಿಯಮ. ‘ಕಂಪ್ಯೂಟರ್ ಬರುತ್ತದೆ’ ಎಂಬುದು ಅರ್ಥವಿಲ್ಲದ ಮಾತು. ‘ನುಡಿ ತಂತ್ರಾಂಶದಲ್ಲಿ ಕನ್ನಡ ಬೆರಳಚ್ಚು, ಎಕ್ಸೆಲ್‌ನಲ್ಲಿ ಲೆಕ್ಕಪಟ್ಟಿ’ ಎಂಬುದು ಅರ್ಥವುಳ್ಳ ಮಾತು.

ದೋಷವಿಚಾರ

ಕಾಗಿಣಾ ನದಿಯ ದಂಡೆಯ ಮಳಖೇಡವು ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಒಂಬತ್ತನೆಯ ಶತಮಾನದಲ್ಲಿ ಹುಟ್ಟಿದ ಕವಿರಾಜಮಾರ್ಗವು ತನ್ನ ಮೂರು ಪರಿಚ್ಛೇದಗಳಲ್ಲಿ ಅಲಂಕಾರಗಳಿಗೆ ಹೋಗುವ ಮುನ್ನ, ಮೊದಲನೆಯದರಲ್ಲಿಯೇ ದೋಷಗಳ ವಿಚಾರವನ್ನು ಎತ್ತಿಕೊಳ್ಳುತ್ತದೆ. ಬರಹಕ್ಕೆ ಅಲಂಕಾರ ಆಮೇಲೆ, ದೋಷನಿವಾರಣೆ ಮೊದಲು. ಸ್ವವಿವರ ಪತ್ರಕ್ಕೂ ಈ ಕ್ರಮವೇ ಯುಕ್ತ. ಇದರಲ್ಲಿ ಮುಖ್ಯವಾಗಿ ನಾಲ್ಕು ದೋಷಗಳನ್ನು ಗುರುತಿಸಬಹುದು.

ಮೊದಲನೆಯದು ಅಸತ್ಯ. ಮಾಡದ ಕೆಲಸವನ್ನು ಮಾಡಿದೆನೆಂದು ಬರೆಯುವುದು, ಹಣ ಕೊಟ್ಟು ಸುಳ್ಳು ಅನುಭವ ಪತ್ರ ತರುವುದು ಎಲ್ಲಕ್ಕಿಂತ ಮಹಾದೋಷ. ಅದು ಸಂದರ್ಶನದ ಎರಡನೆಯ ಪ್ರಶ್ನೆಗೇ ಬಯಲಾಗುತ್ತದೆ. ಕೆಲಸ ದೊರೆತ ಮೇಲೆ ಬಯಲಾದರೆ ಕೆಲಸವೂ ಹೋಗುತ್ತದೆ, ಹೆಸರೂ ಹೋಗುತ್ತದೆ. ಹದಿನಾರು ಜನರ ಲೆಕ್ಕ ಬರೆದವಳು ನೂರು ಜನರದೆಂದು ಬರೆಯಬೇಕಾಗಿಲ್ಲ. ಹದಿನಾರು ಎಂಬ ಸತ್ಯದ ಬಲವು ನೂರು ಎಂಬ ಸುಳ್ಳಿಗಿಲ್ಲ.

ಎರಡನೆಯದು ಎರವಲು ಮಾತು. ಅಂಗಡಿಯಲ್ಲಿ ಬೆರಳಚ್ಚು ಮಾಡಿಸುವಾಗ ಯಾರದೋ ಹಳೆಯ ಪತ್ರದಲ್ಲಿ ಹೆಸರು ಮಾತ್ರ ಬದಲಿಸಿ ತರುವುದು ಸಾಮಾನ್ಯ ಪದ್ಧತಿಯಾಗಿದೆ. ಅದರಲ್ಲಿ ‘ಡೈನಾಮಿಕ್’, ‘ಹಾರ್ಡ್‌ವರ್ಕಿಂಗ್’, ‘ಚಾಲೆಂಜಿಂಗ್’ ಎಂಬ ಶಬ್ದಗಳು ಸಾಲುಗಟ್ಟಿರುತ್ತವೆ. ‘ಇದರ ಅರ್ಥವೇನು?’ ಎಂದು ಎದುರು ಕುಳಿತವರು ಕೇಳಿದಾಗ ಅಭ್ಯರ್ಥಿಯು ತಲೆ ತಗ್ಗಿಸಬೇಕಾಗುತ್ತದೆ. ತನಗೆ ತಿಳಿಯದ ಶಬ್ದವನ್ನು ತನ್ನ ಹೆಸರಿನ ಕೆಳಗೆ ಬರೆಯಬಾರದು. ಕಂಪನಿಗಳಿಗೆ ಇಂಗ್ಲಿಷಿನ ಪತ್ರವೇ ಬೇಕಾಗುವುದುಂಟು. ಆದರೂ ಮೊದಲು ಕನ್ನಡದಲ್ಲಿ ಸಂಗತಿಗಳನ್ನು ಬರೆದುಕೊಂಡು, ಬಳಿಕ ಅವನ್ನು ಚಿಕ್ಕ ಚಿಕ್ಕ ಸರಳ ಇಂಗ್ಲಿಷ್ ವಾಕ್ಯಗಳಿಗೆ ತಂದುಕೊಂಡು, ಬಲ್ಲವರಿಂದ ತಿದ್ದಿಸಿಕೊಳ್ಳುವುದು ಉತ್ತಮ. ತಾಯಿನುಡಿಯಲ್ಲಿ ಸ್ಪಷ್ಟವಾಗದ ಸಂಗತಿ ಪರಭಾಷೆಯಲ್ಲಿ ಸ್ಪಷ್ಟವಾಗಲಾರದು.

ಮೂರನೆಯದು ಅನೌಚಿತ್ಯ. ಔಚಿತ್ಯವೇ ಕಾವ್ಯದ ಪ್ರಾಣವೆಂದು ಕಾಶ್ಮೀರದ ಕ್ಷೇಮೇಂದ್ರನು ಒಂದು ಗ್ರಂಥವನ್ನೇ ರಚಿಸಿದನು. ಶಿಕ್ಷಕ ಹುದ್ದೆಗೂ ಉಗ್ರಾಣದ ಹುದ್ದೆಗೂ ಒಂದೇ ಪತ್ರವನ್ನು ಕಳುಹಿಸುವುದು ಅನೌಚಿತ್ಯ. ಹುದ್ದೆಯ ಜಾಹೀರಾತನ್ನು ಎರಡು ಬಾರಿ ಓದಿ, ಅವರು ಕೇಳಿದ ಗುಣಕ್ಕೆ ಸಂಬಂಧಪಟ್ಟ ಸಂಗತಿಯನ್ನು ಮೇಲೆ ತರಬೇಕು. ಕೇಳದೆ ಇರುವಾಗ ಜಾತಿ, ಧರ್ಮ, ವಿವಾಹ, ಎತ್ತರ, ತೂಕ, ಆಧಾರ್ ಸಂಖ್ಯೆ ಇವುಗಳನ್ನು ಕಂಪನಿಗೆ ಕಳುಹಿಸುವ ಪತ್ರದಲ್ಲಿ ಬರೆಯುವ ಅಗತ್ಯವಿಲ್ಲ.

ನಾಲ್ಕನೆಯದು ಅಸಾಂಗತ್ಯ. ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿ ಒಂದು ಹೆಸರು, ಪದವಿಯ ಅಂಕಪಟ್ಟಿಯಲ್ಲಿ ಇನ್ನೊಂದು, ಆಧಾರ್ ಚೀಟಿಯಲ್ಲಿ ಮತ್ತೊಂದು ಇರುವುದು ಈ ಕಡೆ ಅನೇಕರ ಕಷ್ಟ. ತಂದೆಯ ಹೆಸರು, ಅಡ್ಡಹೆಸರು, ಇಂಗ್ಲಿಷ್ ಅಕ್ಷರಗಳ ಜೋಡಣೆ, ಇವುಗಳಲ್ಲಿ ಒಂದಕ್ಷರ ಬೇರೆಯಾದರೂ ದಾಖಲೆಗಳ ಪರಿಶೀಲನೆಯ ದಿನ ತೊಡಕಾಗುತ್ತದೆ. ಕೆಲಸ ಹುಡುಕುವ ಮೊದಲೇ ಇವನ್ನು ಸರಿಪಡಿಸಿಕೊಳ್ಳಬೇಕು. ಪತ್ರದಲ್ಲಿ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಲ್ಲಿರುವಂತೆಯೇ ಹೆಸರನ್ನೂ ಜನ್ಮದಿನಾಂಕವನ್ನೂ ಬರೆಯುವುದು ಕ್ಷೇಮ.

ರಚನಾಕ್ರಮ

ದೋಷಗಳನ್ನು ಕಳೆದ ಮೇಲೆ ಪತ್ರದ ಅಂಗಗಳನ್ನು ಕ್ರಮವಾಗಿ ಜೋಡಿಸಬೇಕು.

1. ಹೆಸರು, ಅಂಚೆ ವಿಳಾಸ, ದೂರವಾಣಿ ಸಂಖ್ಯೆ, ಮಿಂಚಂಚೆ. ಮಿಂಚಂಚೆಯ ಹೆಸರು ಗೆಳೆಯರ ವಿನೋದದ್ದಾಗಿರದೆ ತನ್ನ ಹೆಸರಿನದೇ ಆಗಿರಲಿ. ದೂರವಾಣಿ ಸಂಖ್ಯೆ ಬದಲಾದರೆ ಪತ್ರದಲ್ಲಿಯೂ ಬದಲಿಸಬೇಕು.

2. ಉದ್ದೇಶ. ಎರಡು ಸಾಲು ಸಾಕು. ಯಾವ ಹುದ್ದೆ, ಅದಕ್ಕೆ ತಾನು ತರುವ ಯೋಗ್ಯತೆ ಯಾವುದು ಎಂಬುದಷ್ಟೇ.

3. ವಿದ್ಯಾಭ್ಯಾಸ. ಇತ್ತೀಚಿನದು ಮೊದಲು. ಪದವಿ, ಕಾಲೇಜು, ವಿಶ್ವವಿದ್ಯಾಲಯ, ತೇರ್ಗಡೆಯಾದ ವರ್ಷ, ಶೇಕಡಾ ಅಂಕ. ಅಂಕ ಕಡಿಮೆಯಿದ್ದರೂ ಮುಚ್ಚಿಡಬಾರದು. ಹುದ್ದೆಗೆ ಸಂಬಂಧಿಸಿದ ವಿಷಯದಲ್ಲಿ ಹೆಚ್ಚು ಅಂಕ ಬಂದಿದ್ದರೆ ಅದನ್ನು ಬೇರೆಯಾಗಿ ಹೇಳಬಹುದು.

4. ಯೋಜನಾ ಕಾರ್ಯ. ಪದವಿಯಲ್ಲಿ ಮಾಡಿದ ಕ್ಷೇತ್ರಾಧ್ಯಯನ ಅಥವಾ ಕಿರುಪ್ರಬಂಧ. ವಿಷಯ, ಎಷ್ಟು ಊರು ಅಥವಾ ಎಷ್ಟು ಜನರನ್ನು ಕಂಡು ಮಾಹಿತಿ ಸಂಗ್ರಹಿಸಿದ್ದು, ಕಂಡುಕೊಂಡದ್ದೇನು ಎಂದು ಮೂರು ಸಾಲು.

5. ಹೊತ್ತ ಹೊಣೆಗಳು. ಮೇಲೆ ವಿವರಿಸಿದ ರೀತಿಯಲ್ಲಿ ಕೆಲಸ, ಕಾಲ, ಪ್ರಮಾಣ. ‘ಅನುಭವ’ ಎಂಬ ಶಿರೋನಾಮೆಯಿಂದ ಸಂಕೋಚವಾಗುವವರು ಈ ಶಿರೋನಾಮೆಯನ್ನೇ ಇಟ್ಟುಕೊಳ್ಳಬಹುದು.

6. ಬಲ್ಲ ಭಾಷೆಗಳು, ಗಣಕಜ್ಞಾನ, ಬೆರಳಚ್ಚು ಅಥವಾ ಶೀಘ್ರಲಿಪಿ ಪರೀಕ್ಷೆ.

7. ತನ್ನನ್ನು ಬಲ್ಲ ಇಬ್ಬರ ಹೆಸರು. ಪಾಠ ಹೇಳಿದ ಅಧ್ಯಾಪಕರು ಒಬ್ಬರು, ಹೊಣೆಯನ್ನು ವಹಿಸಿಕೊಟ್ಟವರು ಒಬ್ಬರು. ಅವರ ಅನುಮತಿ ಪಡೆಯದೆ ಹೆಸರು ಬರೆಯಬಾರದು. ಗಣಿಯ ಮೇಸ್ತ್ರಿಯೂ ಸಂಘದ ಅಧ್ಯಕ್ಷೆಯೂ ಇದಕ್ಕೆ ಅರ್ಹರೇ.

8. ಮೇಲಿನ ವಿವರಗಳು ಸತ್ಯವೆಂಬ ಒಂದು ಸಾಲು, ಊರು, ದಿನಾಂಕ, ರುಜು.

ಪತ್ರದೊಡನೆ ನಾಲ್ಕೈದು ವಾಕ್ಯಗಳ ಒಂದು ಅರ್ಜಿಯಿರಬೇಕು. ಪ್ರಮಾಣಪತ್ರಗಳ ನಕಲುಗಳನ್ನು ಮಾತ್ರ ಲಗತ್ತಿಸಬೇಕು; ಮೂಲಪ್ರತಿಗಳನ್ನು ಯಾವ ಕಾರಣಕ್ಕೂ ಕಳುಹಿಸಬಾರದು. ಕೊನೆಗೆ, ಬರೆದುದನ್ನು ಗಟ್ಟಿಯಾಗಿ ಒಮ್ಮೆ ಓದಿ, ಇನ್ನೊಬ್ಬರಿಂದಲೂ ಓದಿಸಬೇಕು. ಬರೆದವನ ಕಣ್ಣು ತನ್ನ ತಪ್ಪನ್ನು ಕಾಣದು.

ಸರಕಾರಿ ಅರ್ಜಿಯ ವಿಷಯ

ಸರಕಾರಿ ಹುದ್ದೆಗಳಿಗೆ ಸ್ವವಿವರ ಪತ್ರದ ಬದಲು ನಿಗದಿಯಾದ ಅರ್ಜಿ ನಮೂನೆಯೇ ಇರುತ್ತದೆ. ಅಲ್ಲಿ ಜಾಣ್ಮೆಗಿಂತ ಎಚ್ಚರ ಮುಖ್ಯ. 2012ರ ತೊಂಬತ್ತೆಂಟನೆಯ ತಿದ್ದುಪಡಿಯಿಂದ ಸಂವಿಧಾನದಲ್ಲಿ ಸೇರಿದ 371ಜೆ ವಿಧಿಯ ಮೇರೆಗೆ, ಅಂದಿನ ಹೈದರಾಬಾದ್ ಕರ್ನಾಟಕದ, 2019ರಿಂದ ಕಲ್ಯಾಣ ಕರ್ನಾಟಕವೆಂದು ಹೆಸರಾದ ಈ ಪ್ರದೇಶದ ಸ್ಥಳೀಯ ವೃಂದದ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿಯುಂಟು. 2013ರ ಆದೇಶದಂತೆ ‘ಎ’ ಮತ್ತು ‘ಬಿ’ ಗುಂಪುಗಳಲ್ಲಿ ಶೇಕಡಾ 75, ‘ಸಿ’ ಗುಂಪಿನಲ್ಲಿ ಶೇಕಡಾ 80, ‘ಡಿ’ ಗುಂಪಿನಲ್ಲಿ ಶೇಕಡಾ 85 ಹುದ್ದೆಗಳು ಹೀಗೆ ಮೀಸಲು. ಆದರೆ ಈ ಹಕ್ಕು ತಾನಾಗಿ ಬರುವುದಿಲ್ಲ. ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಅರ್ಹತಾ ಪ್ರಮಾಣಪತ್ರ ಪಡೆದು, ಅರ್ಜಿಯಲ್ಲಿ ಅದನ್ನು ಕೋರಬೇಕು. ಅರ್ಜಿಯ ಕೊನೆಯ ದಿನಾಂಕ ಬಂದಾಗ ಕಚೇರಿಗೆ ಓಡುವುದಕ್ಕಿಂತ ಪದವಿಯ ಕೊನೆಯ ವರ್ಷದಲ್ಲಿಯೇ ಅದನ್ನು ಮಾಡಿಸಿಟ್ಟುಕೊಳ್ಳುವುದು ವಿವೇಕ.

ಕೆಲಸ ಸಿಗುವ ತನಕದ ಕಾಲವೂ ಪತ್ರದಲ್ಲಿ ಬರಿದಾಗಿ ಕಾಣಬಾರದು. 1961ರ ಅಪ್ರೆಂಟಿಸ್ ಕಾಯಿದೆಯ ಮೇರೆಗೆ ಸಂಸ್ಥೆಗಳಲ್ಲಿ ಭತ್ಯೆಯೊಡನೆ ತರಬೇತಿ ಪಡೆಯುವ ಅವಕಾಶವಿದೆ; 2014ರ ತಿದ್ದುಪಡಿಯಿಂದ ತಾಂತ್ರಿಕೇತರ ಪದವೀಧರರಿಗೂ ಅದರ ಬಾಗಿಲು ತೆರೆಯಿತು. ಹೀಗೆ ಕಳೆದ ಒಂದು ವರ್ಷವು ಬೀಜ ವೃಕ್ಷಗಳ ತರ್ಕವನ್ನೇ ಮುಗಿಸಿಬಿಡುತ್ತದೆ.

ಉಪಸಂಹಾರ

ಸಾರಾಂಶವಿಷ್ಟು. ಮೊದಲ ಬಾರಿಗೆ ಕೆಲಸ ಕೇಳುವವನ ಪತ್ರಕ್ಕೆ ಬಲ ಬರುವುದು ದೊಡ್ಡ ಶಬ್ದಗಳಿಂದಲ್ಲ. ಚಿಕ್ಕದಾದರೂ ನಿಜವಾದ, ಎಣಿಸಿ ತೋರಿಸಬಹುದಾದ ಸಂಗತಿಗಳಿಂದ. ಆದುದರಿಂದ ವಿದ್ಯಾರ್ಥಿಗಳು ಪತ್ರ ಬರೆಯಲು ಪದವಿ ಮುಗಿಯುವ ತನಕ ಕಾಯದೆ, ಮೊದಲ ವರ್ಷದಲ್ಲಿಯೇ ಒಂದು ವಹಿಯನ್ನು ಇಟ್ಟುಕೊಂಡು ತಾವು ಮಾಡಿದ ಕೆಲಸ, ದಿನಾಂಕ, ಪ್ರಮಾಣಗಳನ್ನು ಬರೆದಿಡುತ್ತ ಬಂದರೆ ಮೂರನೆಯ ವರ್ಷದ ಕೊನೆಗೆ ಪತ್ರವು ಮುಕ್ಕಾಲು ಪಾಲು ಸಿದ್ಧವಾಗಿರುತ್ತದೆ. ಅಧ್ಯಾಪಕರೂ ವರ್ಷಕ್ಕೊಮ್ಮೆ ಆ ವಹಿಯನ್ನು ನೋಡಿ, ‘ಇದನ್ನೇಕೆ ಬರೆದಿಲ್ಲ?’ ಎಂದು ಕೇಳಿದರೆ ಅದು ದೊಡ್ಡ ಉಪಕಾರ.

ಚಿಂಚೋಳಿಯ ಆ ಹುಡುಗಿಯು ತಾಯಿಯ ಸಂಘದ ವಹಿಯನ್ನು ಹೆಮ್ಮೆಯಿಂದ ಹೆಸರಿಸುವಂತಾಗಲಿ. ಶಹಾಬಾದದ ಆ ಹುಡುಗನು ತಂದೆಯ ಗಣಿಯನ್ನು ತಲೆಯೆತ್ತಿ ಬರೆಯುವಂತಾಗಲಿ. ಪದವಿಯ ಪ್ರಮಾಣಪತ್ರದ ಜೊತೆಗೆ ಇಷ್ಟು ಧೈರ್ಯವನ್ನೂ ಕೊಟ್ಟು ಕಳುಹಿಸಿದರೆ ವಿದ್ಯಾಸಂಸ್ಥೆಗಳ ಶ್ರಮವು ಸಾರ್ಥಕವಾದಂತೆಯೇ ಸರಿ.